ತಂಪಣ್ಣನ ಕೈ

ಕಾರಿನ ಏಸಿ ರಿಪೇರಿ ಮಾಡುವವನಿಗೆ ಜನ ತಂಪಣ್ಣ ಎಂದು ಹೆಸರಿಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆಸಾಮಿ ಸ್ವಭಾವದಲ್ಲಿ ತಂಪಲ್ಲ, ಮಹಾ ಜಂಬದವನು. ಜಂಬವೆಲ್ಲ ಬಲಗೈಯಲ್ಲಿತ್ತು. ಹಳೆಯ ಗ್ಯಾಸ್ ತೆಗೆದು, ಪಂಪು ಹಚ್ಚಿ ಪೈಪುಗಳೊಳಗಿನ ಗಾಳಿ, ತೇವವನ್ನೆಲ್ಲ ಎಳೆದು, ಹೊಸ ಗ್ಯಾಸ್ ತುಂಬಿದ ಮೇಲೆ ಡ್ಯಾಶ್‌ಬೋರ್ಡಿನ ಕಿಂಡಿಗೆ ಆ ಕೈ ಹಿಡಿದು, ಕಣ್ಣು ಮುಚ್ಚಿ, "ಬಂತು" ಎನ್ನುತ್ತಿದ್ದ. ಅವನು ಬಂತು ಎಂದರೆ ಬಂತು. ಅವನ ಕೈಗುಣದ ಮೇಲೆ ಗಿರಾಕಿಗಳಿಗೆ ಅಷ್ಟು ನಂಬಿಕೆ. ಎದುರಂಗಡಿಯವನು ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸುವುದು ಕಂಡರೆ ಸಾಕು, ರಸ್ತೆಯ ಈಚೆಯಿಂದಲೇ ಕೂಗುತ್ತಿದ್ದ: "ಏನಪ್ಪಾ, ಕಾರಿಗೆ ಜ್ವರಾನಾ?"

ನಿಜ ಹೇಳಬೇಕೆಂದರೆ ಆ ಕೈ ಸತ್ತು ಬಹಳ ಕಾಲವಾಗಿತ್ತು. ಪೈಪು ಬಿಚ್ಚುವಾಗ ಚಿಮ್ಮುವ, ಹಿಮಕ್ಕಿಂತ ತಣ್ಣಗಿನ ಗ್ಯಾಸ್ ತಾಗಿದರೆ ಚರ್ಮ ಬೆಳ್ಳಗಾಗಿ ಸುಟ್ಟುಹೋಗುತ್ತದೆ. ಗ್ಲೌಸ್ ಹಾಕಿಕೋ ಎಂದವರಿಗೆ "ಗ್ಲೌಸ್ ಹಾಕ್ಕೊಂಡು ಯಾರಾದ್ರೂ ಊಟ ಮಾಡ್ತಾರಾ?" ಎಂದು ಕೇಳಿದ ಮಹಾನುಭಾವ ಇವನೇ. ಸುಟ್ಟು, ಮಾಗಿ, ಮತ್ತೆ ಸುಟ್ಟು, ಕೊನೆಗೆ ಆ ಕೈಗೆ ಬಿಸಿಯೂ ತಿಳಿಯದಾಯಿತು, ತಂಪೂ ತಿಳಿಯದಾಯಿತು. ಯಾರಿಗೂ ಹೇಳಲಿಲ್ಲ. ಗೇಜಿನ ಮುಳ್ಳು ನೋಡಿ ಒತ್ತಡ ಸರಿಯಿದ್ದರೆ ತಂಪೂ ಸರಿಯಿರುತ್ತದೆ ಎಂದು ಅಂದಾಜು ಕಟ್ಟಿ, ಕೈ ಹಿಡಿಯುವ ನಾಟಕ ಮುಂದುವರಿಸಿದ. ಕೆನ್ನೆ ಒಡ್ಡಿ ನೋಡಬಹುದಿತ್ತು. ಆಗ ಕೈಗೇನಾಯಿತು ಎಂದು ಯಾರಾದರೂ ಕೇಳಿಬಿಟ್ಟರೆ?

ಹೀಗಿರುವಾಗ ಬೀಗರು ಕಾರು ತಂದರು. ತವರಿಗೆ ಬಂದಿದ್ದ ಬಸುರಿ ಮಗಳನ್ನು ಕರೆದೊಯ್ಯಬೇಕಿತ್ತು. ದಾರಿ ದೂರ, ಬಿಸಿಲು ನೆತ್ತಿ ಸುಡುವಂಥದ್ದು, ಏಸಿಯಲ್ಲಿ ಗಾಳಿಗಿಂತ ವಾಸನೆಯೇ ಹೆಚ್ಚು. "ಬೇರೆ ಎಲ್ಲೂ ತೋರಿಸ್ಬೇಡಿ ಮಾವ, ನಮ್ಮಪ್ಪನ ಕೈ ಬಿದ್ರೆ ಸಾಕು" ಎಂದು ಮಗಳೇ ಹೇಳಿದ್ದಳು.

ತಂಪಣ್ಣ ಮುಂದಿನ ಸೀಟಿನೆದುರಿನ ಡಬ್ಬಿ ಕಳಚಿ, ಧೂಳು ಮೆತ್ತಿಕೊಂಡಿದ್ದ ಕಾಯಿಲ್ ತೊಳೆದ, ಫಿಲ್ಟರ್ ಬದಲಿಸಿದ, ಗ್ಯಾಸ್ ತುಂಬಿದ. ಬೀಗರೆದುರು ಬೀಗಬೇಡವೇ? ಕೆಲಸದುದ್ದಕ್ಕೂ ಬಾಯಿ ಬಿಡುವಿಲ್ಲದೆ ಆಡುತ್ತಿತ್ತು. ಆ ಡಬ್ಬಿಯ ಹಿಂದೆ ಒಂದು ಪುಟ್ಟ ಬಾಗಿಲಿರುತ್ತದೆ, ಎಂಜಿನ್ನಿನ ಬಿಸಿಗಾಳಿ ಒಳಕ್ಕೆ ಬೆರೆಯದಂತೆ ತಡೆಯುವುದು. ಅದನ್ನು ತಿರುಗಿಸುವ ಮೋಟಾರಿನ ವೈರನ್ನು ಕೈಯಾಡಿಸಲು ಜಾಗ ಬೇಕೆಂದು ಕಿತ್ತಿದ್ದ. ಮತ್ತೆ ಸಿಕ್ಕಿಸಲು ಮರೆತ, ಬಾಗಿಲು ತೆರೆದೇ ಉಳಿಯಿತು. ಗ್ಯಾಸ್ ಸರಿಯಿದ್ದುದರಿಂದ ಗೇಜಿನ ಮುಳ್ಳು ನೆಟ್ಟಗೇ ನಿಂತಿತ್ತು. ತಂಪಣ್ಣ ಕಿಂಡಿಗೆ ಕೈ ಹಿಡಿದ, ಕಣ್ಣು ಮುಚ್ಚಿದ.

"ಬಂತು."

ಊಟಕ್ಕೆ ಮುಂಚೆ ಒಂದು ಸುತ್ತು ಹೋಗಿಬರೋಣ ಎಂದು ಬೀಗರು ಎಲ್ಲರನ್ನೂ ಹತ್ತಿಸಿಕೊಂಡರು. ಗಾಜು ಏರಿಸಿ ತಿರುವು ದಾಟುವಷ್ಟರಲ್ಲಿ ತಂಪಣ್ಣನ ಮುಖಕ್ಕೆ ಬೆಚ್ಚನೆ ಗಾಳಿ ಬಡಿಯಿತು.

"ಆಹಾ, ಎಷ್ಟು ತಣ್ಣಗಿದೆ!" ಎಂದರು ಬೀಗರು.

"ಶಾಲು ತರ್ಬೇಕಿತ್ತು ನೋಡಿ," ಎಂದರು ಬೀಗಿತ್ತಿ. ಅವರ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

ಕಾರಿನಲ್ಲಿದ್ದವರೆಲ್ಲ ಅವನ ಮಾನ ಕಾಯಲು ಸುಳ್ಳು ಹೇಳುತ್ತಿದ್ದರು. ನಿಲ್ಲಿಸಿ ಎನ್ನುವ ಬದಲು ತಂಪಣ್ಣ, "ಹೊಸ ಗ್ಯಾಸ್ ಅಲ್ವಾ, ಹೊಂದ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು" ಎಂದ. ಕಸುಬಿನವರು ಯಾರೂ ಆಡದ ಆ ಮಾತಿಗೆ ತಾನೇ ನಾಚಿ ಕಿಟಕಿಯಾಚೆ ನೋಡಿದ.

ಅಂಗಡಿಯ ಮೇಲೇ ಮನೆ. ಊಟಕ್ಕೆ ಕೂರುವಾಗ, ಸುಮ್ಮನೆ ನಿಲ್ಲಲಾರದೆ, ಒಲೆಯ ಮೇಲಿದ್ದ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟ. "ರೀ, ಬಟ್ಟೆ!" ಎಂದು ಹೆಂಡತಿ ಕೂಗಿದಳು. ಬೀಗರು ಒಮ್ಮೆ ಅವನ ಕೈ ನೋಡಿ, ತಲೆ ತಗ್ಗಿಸಿ ಉಣ್ಣತೊಡಗಿದರು. ತಂಪಣ್ಣನಿಗೆ ಬಾಯಿಗಿಟ್ಟ ತುತ್ತು ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ಹೊರಡುವ ಹೊತ್ತಾಯಿತು. ಮಗಳು ಹೊಟ್ಟೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಕಾರು ಇನ್ನೂ ಕದಲಿರಲಿಲ್ಲ, ಆಗಲೇ ಅವಳ ಮುಂಗೂದಲು ಹಣೆಗೆ ಅಂಟಿತ್ತು. ನಗುತ್ತಲೇ ಹೇಳಿದಳು: "ಚೆನ್ನಾಗಿ ತಣ್ಣಗಿದೆ ಅಪ್ಪಾ. ನೀನು ಒಳಗೆ ಹೋಗು, ಬಿಸಿಲು."

ಅಪ್ಪನ ಜಂಬ ಉಳಿಸಲು ಬಸುರಿ ಮಗಳು ದಾರಿಯುದ್ದಕ್ಕೂ ಬೇಯಲು ಸಿದ್ಧಳಾಗಿದ್ದಳು. ತಂಪಣ್ಣನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಬಾಗಿಲು ಹಿಡಿದು ಎಳೆದ.

"ಇಳಿಯಮ್ಮ. ತಣ್ಣಗಿಲ್ಲ. ನನ್ನ ಕೈ ಸತ್ತೋಗಿದೆ, ನಂಗೇನೂ ಗೊತ್ತಾಗಲ್ಲ. ನಾನು ಸುಳ್ಳು ಹೇಳ್ದೆ."

ಬೀಗರು ಎಂಜಿನ್ ನಿಲ್ಲಿಸಿದರು. "ಹೇಗೆ ಹೇಳೋದು ಅಂತ ಸುಮ್ನಿದ್ವಿ ಬೀಗರೇ. ದಾರೀಲಿ ಎಲ್ಲಾದ್ರೂ ತೋರಿಸ್ಕೊಳ್ಳೋಣ ಅಂತ ಮಾತಾಡ್ಕೊಂಡಿದ್ವಿ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಂಡಿಯೂರಿ ಡಬ್ಬಿ ಕಳಚಿದ. ವೈರು ಜೋತಾಡುತ್ತಿತ್ತು. ಸಿಕ್ಕಿಸಿ, ಏಸಿ ಹಾಕಿಸಿ, ಹಿಂದೆ ಸರಿದು ನಿಂತ. ಮಗಳು ಕಿಂಡಿಗೆ ಕೈ ಹಿಡಿದಳು.

"ಬಂತಪ್ಪಾ. ನಿಜವಾಗ್ಲೂ ಬಂತು."

ತಂಪಣ್ಣ ಅವಳ ಮುಖ ನೋಡಿದ. ಆಗ ತಣ್ಣಗಿದೆ ಎಂದಾಗಲೂ ಇದೇ ಮುಖ, ಇದೇ ನಗು. ಕೆನ್ನೆ ಒಡ್ಡಿದ, ತಣ್ಣಗೆನಿಸಿತು. ಆದರೆ ಬೆವರಿದ ಕೆನ್ನೆಗೆ ಯಾವ ಗಾಳಿ ತಣ್ಣಗಿರುವುದಿಲ್ಲ? ಮಗಳ ವಿಷಯದಲ್ಲಿ ಇನ್ನು ಅಂದಾಜು ಬೇಡವೆಂದು ರಸ್ತೆ ದಾಟಿದ.

"ಆ ಥರ್ಮಾಮೀಟರ್ ಸ್ವಲ್ಪ ಕೊಡ್ತೀಯಾ?" ಎಂದು ಎದುರಂಗಡಿಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೇಳಿದ. ಕಾರಿಗೆ ಜ್ವರಾನಾ ಎಂಬ ಮಾತು ಈಗ ಬಂದೀತು ಎಂದು ಕಾದ. ಬಂದಿದ್ದರೆ ಅದಕ್ಕೆ ಅವನು ತಕ್ಕವನೇ.

ಎದುರಂಗಡಿಯವನು ಕೈ ಒರೆಸಿಕೊಂಡು, ಖಾನೆ ಎಳೆದು, ಇನ್ನೂ ಕವರು ಒಡೆಯದ ಹೊಸದೊಂದನ್ನು ತೆಗೆದುಕೊಟ್ಟ.

"ಇಟ್ಕೊಳ್ಳಿ ಅಣ್ಣ. ನಿಮ್ಮ ಗಿರಾಕಿಗಳು ನನ್ನತ್ರ ಬರೋಕೆ ಶುರು ಮಾಡಿದಾಗ್ಲೇ ನಿಮಗೆ ಅಂತ ತಂದಿಟ್ಟಿದ್ದೆ. ನೀವಾಗಿ ಕೇಳ್ಲಿ ಅಂತ ಕಾಯ್ತಿದ್ದೆ."