ಕಸಿಯಾನ್ ಟೋಲ್ ಕಟ್ಟಿದ ಶನಿವಾರ

ಆಸ್ಟ್ರಿಯಾದಿಂದ ಬೆಟ್ಟ ಹತ್ತಿ ಇಟಲಿಗೆ ಇಳಿಯುವ ಬ್ರೆನ್ನರ್ ಹೆದ್ದಾರಿಯ ಟೋಲ್ ಗೂಡಿನಲ್ಲಿ ಕಸಿಯಾನ್ ಮೂವತ್ತೊಂದು ವರ್ಷ ಕೂತಿದ್ದ. ಇಟಲಿಯ ಬಿಸಿಲು ಕಾಯಲು ಹೊರಟ ಅರ್ಧ ಯುರೋಪು ಅವನ ಅಂಗೈಗೆ ಕಾಸು ಹಾಕಿಯೇ ಬೆಟ್ಟ ದಾಟಿತ್ತು. ಗೊಣಗಿದವರಿಗೆ ಅವನದು ಒಂದೇ ಉತ್ತರ: "ಪುಕ್ಕಟೆ ದಾಟ್ಬೇಕಾ? ಹಾಗಿದ್ರೆ ಮೇಕೆಯಾಗಿ ಹುಟ್ಬೇಕಿತ್ತು."

ಇಷ್ಟು ನೀತಿ ಹೇಳುತ್ತಿದ್ದ ಮನುಷ್ಯ ತಾನು ಒಂದು ದಿನವೂ ಟೋಲ್ ಕಟ್ಟಿದವನಲ್ಲ. ನೌಕರರಿಗೆ ಪಾಸು ಇತ್ತು. ನಿವೃತ್ತಿಯ ದಿನ ಒಂದು ಕೈಯಲ್ಲಿ ಹೂಗುಚ್ಛ ಕೊಟ್ಟವರು ಇನ್ನೊಂದು ಕೈಯಲ್ಲಿ ಪಾಸು ವಾಪಸ್ ತೆಗೆದುಕೊಂಡರು. ಅಂದಿನಿಂದ ಅವನು ಆ ಹೆದ್ದಾರಿಗೆ ಟೈರು ತಾಗಿಸಿರಲಿಲ್ಲ.

ಅವನ ಹೆಂಡತಿ ನೋಟ್‌ಬುರ್ಗಾ, ಊರಿಗೆಲ್ಲ ಬುರ್ಗಿ. ಗಂಡನಿಗೆ ಟೋಲ್ ಮೇಲೆ ಸಿಟ್ಟಾದರೆ, ಅವಳಿಗೆ ಟೋಲ್ ತಪ್ಪಿಸುವವರ ಮೇಲೆ. ಹತ್ತು ಹನ್ನೆರಡು ಯೂರೊ ಟೋಲ್ ತಪ್ಪಿಸಲು, ರಜೆಗೆ ಹೊರಟ ಜನ ಹೆದ್ದಾರಿ ಬಿಟ್ಟು ಊರೊಳಗಿನ ಹಳೆ ರಸ್ತೆಗೆ ನುಗ್ಗುತ್ತಿದ್ದರು. ಸಮುದ್ರದ ದಡದಲ್ಲಿ ಒಂದು ಐಸ್‌ಕ್ರೀಮಿಗೆ ಅಷ್ಟೇ ದುಡ್ಡು ಸುರಿಯುವವರು, ಇಲ್ಲಿ ಇನ್ನೊಬ್ಬರ ಅಡುಗೆಮನೆ ಕಿಟಕಿಗೆ ಹೊಗೆ ಬಿಟ್ಟು ಜಾಣರಾಗುತ್ತಿದ್ದರು. ಶನಿವಾರ ಬಂತೆಂದರೆ ಮಕ್ಕಳು ಎದುರುಮನೆಗೂ ಹೋಗುವಂತಿಲ್ಲ.

ಪಂಚಾಯ್ತಿ ಮೂರು ವರ್ಷ ಸಭೆ ನಡೆಸಿತು. ಬುರ್ಗಿ ಮೂರು ನಿಮಿಷ ಯೋಚಿಸಿದಳು. ಜೀಬ್ರಾ ಪಟ್ಟೆಯ ಮೇಲೆ ಜನ ನಡೆಯುವಾಗ ಕಾರು ನಿಲ್ಲಬೇಕು, ಅದು ಕಾನೂನು. ಎಷ್ಟು ಸಲ ನಡೆಯಬಹುದು ಅಂತ ಯಾವ ಕಾನೂನೂ ಹೇಳಿಲ್ಲ. ಸರಿ, ಶನಿವಾರ ಬೆಳಿಗ್ಗೆ ಎಂಟರಿಂದ ಊರಿನ ಹೆಂಗಸರು ಪಟ್ಟೆ ದಾಟುವುದು, ತಿರುಗುವುದು, ಮತ್ತೆ ದಾಟುವುದು. ನಿಯಮಗಳು ಬುರ್ಗಿಯವೇ. ಕಣಿವೆಯೊಳಗೆ ಕೆಲಸ ಇರುವವರಿಗೆ ದಾರಿ. ಗಡಿ ದಾಟುವವರು ವಾಪಸ್ ಹೋಗಿ ಟೋಲ್ ಕಟ್ಟಲಿ, ಆರ್ಚ್‌ಬಿಷಪ್ಪರೇ ಆಗಿರಲಿ. ಹಾರ್ನ್ ಹೊಡೆದವರಿಗೆ ಇನ್ನೊಂದು ಸುತ್ತು ಜಾಸ್ತಿ.

ಹೀಗಿರುವಾಗ ಗಡಿಯಾಚೆಯ ಸ್ಟೆರ್ಟ್ಸಿಂಗ್‌ನಿಂದ ಕರೆ ಬಂತು. ಕಸಿಯಾನ್‌ನ ತೀರಿಕೊಂಡ ಅಣ್ಣನ ಮಗಳು ಫಿಲೊಮೇನಾಳ ಕೂಸಿಗೆ ಶನಿವಾರ ಹನ್ನೊಂದಕ್ಕೆ ಇಗರ್ಜಿಯಲ್ಲಿ ಜ್ಞಾನಸ್ನಾನ. ಮಗುವನ್ನು ಎತ್ತಿಕೊಂಡು ನಿಲ್ಲುವ ಜ್ಞಾನತಂದೆ ಕಸಿಯಾನ್. "ಚಿಕ್ಕಪ್ಪ, ನಮ್ಮಪ್ಪನ ಜಾಗದಲ್ಲಿ ನೀವೇ ನಿಲ್ಬೇಕು," ಎಂದಿದ್ದಳು. "ಪಾದ್ರಿ ಒಂದು ನಿಮಿಷವೂ ಕಾಯಲ್ಲ. ನೀವು ಬರದಿದ್ರೆ ನನ್ನ ಮೈದುನ ನಿಲ್ತಾನಂತೆ, ಆಗಲೇ ಸೂಟು ಇಸ್ತ್ರಿ ಮಾಡಿಸಿದಾನೆ." ಆ ಮೈದುನನ ಹೆಸರು ಕೇಳಿದರೇ ಕಸಿಯಾನ್‌ಗೆ ಹುಳಿತೇಗು.

ಶನಿವಾರ ಬೆಳಿಗ್ಗೆ ಅವರ ಕಾರು ರಿಪೇರಿಗೆಂದು ಗ್ಯಾರೇಜಿನಲ್ಲಿತ್ತು. ಬುರ್ಗಿಯ ತಂಗಿಯ ಮಗ ಮ್ಯೂನಿಕ್‌ನಿಂದ ಬಂದವನು ತನ್ನ ಕಾರು ಬಿಟ್ಟು ಬೆಟ್ಟ ಹತ್ತಲು ಹೋಗಿದ್ದ. ಅದರಲ್ಲೇ ಹೊರಟರು. ಬುರ್ಗಿಯ ತೊಡೆಯ ಮೇಲೆ, ಜ್ಞಾನತಂದೆ ಒಯ್ಯಲೇಬೇಕಾದ ಜಡೆ ಹೆಣೆದ ದೊಡ್ಡ ಬ್ರೆಡ್ಡು.

ಮನೆಯ ತಿರುವಿನಲ್ಲಿ ಎಡಕ್ಕೆ ಟೋಲ್, ಬಲಕ್ಕೆ ಹಳೆ ರಸ್ತೆ. ಕಸಿಯಾನ್ ಬಲಕ್ಕೆ ಹೊರಳಿಸಿದ.

"ಎಲ್ಲಿಗೋ? ಎಡಕ್ಕೆ!"

"ಅಲ್ಲಿ ಸೆರಾಫಿನ್ ಕೂತಿರ್ತಾನೆ. ನಾನೇ ಕೆಲಸ ಕಲಿಸಿದ ಹುಡುಗ. ಅವನ ಮುಂದೆ ಕೈಚಾಚಿ ದುಡ್ಡು ಕೊಡ್ಲಾ? ಸತ್ರೂ ಇಲ್ಲ."

"ನನ್ನ ಮಾನ ಹೋಗುತ್ತಲ್ಲೋ ಮುದುಕ!"

"ಮ್ಯೂನಿಕ್ ನಂಬರಿನ ಕಾರು ಕಣೇ. ಯಾರಿಗೆ ಗುರುತು ಸಿಗುತ್ತೆ? ತಲೆ ತಗ್ಗಿಸು, ಅಷ್ಟೇ."

ಮೂವತ್ತೊಂದು ವರ್ಷ ನಂಬರ್ ಪ್ಲೇಟು ನೋಡಿಯೇ ಬದುಕಿದವನಿಗೆ ಇಷ್ಟೂ ಹೊಳೆಯಲಿಲ್ಲ: ಪಟ್ಟೆಯ ಮೇಲಿನ ಹೆಂಗಸರು ಹುಡುಕುತ್ತಿದ್ದುದೇ ಮ್ಯೂನಿಕ್ ನಂಬರು! ಊರ ಕಾರಾಗಿದ್ದರೆ ಕೈಬೀಸಿ ಕಳಿಸುತ್ತಿದ್ದರು. ಕಾರು ಕಂಡದ್ದೇ ಅವರಲ್ಲಿ ಹಿರಿಯಳಾದ ವಾಲ್‌ಬುರ್ಗಾ, ಊರಿಕೊಂಡು ನಡೆಯುವ ತನ್ನ ನಾಲ್ಕು ಚಕ್ರದ ಕೈಗಾಡಿ ಹಿಡಿದು ಪಟ್ಟೆಗೆ ಇಳಿದಳು. ಹಿಂದೆಯೇ ಸೇಬಿನ ಬುಟ್ಟಿ ಹೊತ್ತ ಕ್ರೆಸೆನ್ಸ್.

ಬುರ್ಗಿ ಸೀಟಿನ ಕೆಳಗೆ ಇಳಿದು ಬ್ರೆಡ್ಡಿನ ಮೇಲೆ ಗದ್ದ ಊರಿ ಮುದುಡಿಕೊಂಡಳು. ಒಂದು ಸುತ್ತು. ಎರಡು ಸುತ್ತು. ಗಂಟೆ ಹತ್ತೂಕಾಲಾಯಿತು. ಕಸಿಯಾನ್‌ನ ಕಣ್ಣ ಮುಂದೆ ಇಸ್ತ್ರಿ ಸೂಟು ಕುಣಿಯಿತು. ಅವನು ಹಾರ್ನ್ ಒತ್ತಿಯೇ ಬಿಟ್ಟ.

"ಹಾರ್ನ್! ಇನ್ನೊಂದು ಸುತ್ತು!" ವಾಲ್‌ಬುರ್ಗಾ ಕೂಗಿದಳು.

"ಯಾವ ಮುಂಡೇದು ಮಾಡಿದ ನಿಯಮ ಇದು?" ಕಸಿಯಾನ್ ಹಲ್ಲು ಕಡಿದ.

"ನಾನೇ," ಎಂದಿತು ಬ್ರೆಡ್ಡಿನ ಕಡೆಯಿಂದ ದನಿ.

ಅಷ್ಟರಲ್ಲಿ ಕ್ರೆಸೆನ್ಸ್ ಎಂದಿನಂತೆ ಬೇಕೆಂದೇ ಸೇಬು ಚೆಲ್ಲಿದಳು. ಒಂದು ಉರುಳುತ್ತ ಬಂದು ಕಾರಿನ ಬಾಗಿಲ ಬಳಿ ನಿಂತಿತು. ಬಗ್ಗಿ ಎತ್ತಿಕೊಂಡವಳು ಏಳುತ್ತ ಕಿಟಕಿಯೊಳಗೆ ಇಣುಕಿದಳು.

"ಬುರ್ಗಿ? ನೀನು ಸ್ಟೆರ್ಟ್ಸಿಂಗ್‌ಗೆ ಹೋಗ್ತೀನಿ ಅಂದಿದ್ದೆ!"

"ಹೋಗ್ತಾ ಇದೀನಲ್ಲ."

"ಹೀಗಾ?"

ಪಟ್ಟೆಯ ಮೇಲೆ ನಡಿಗೆ ನಿಂತಿತು. ಎಲ್ಲರೂ ಬಂದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ವಾಲ್‌ಬುರ್ಗಾ ಬೈಯಲಿಲ್ಲ. "ಪಾಪ, ನಮ್ಮ ಬುರ್ಗಿ ಕಣ್ರೇ. ಒಂದು ದಿನ ತಾನೇ? ದಾರಿ ಬಿಡಿ," ಎಂದು ಕೈಗಾಡಿ ಪಕ್ಕಕ್ಕೆಳೆದಳು.

ಕಸಿಯಾನ್ ಖುಷಿಯಿಂದ ಗೇರ್ ಹಾಕಿದ. ಬುರ್ಗಿ ಹಿಂದೆ ತಿರುಗಿ ನೋಡಿದಳು. ತಿರುವಿನವರೆಗೂ ಕಾರುಗಳ ಸಾಲು. ಅವರಲ್ಲಿ ಯಾರಿಗೂ ಒಂದು ಮದುವೆ, ಒಂದು ಕೂಸು, ಹಾಸಿಗೆ ಹಿಡಿದ ಒಂದು ಅತ್ತೆ ಇಲ್ಲವೇ? ಅವರಿಗೆಲ್ಲ ಕಾನೂನು, ನಮ್ಮವರಿಗೆ ಪಾಪ ಅನ್ನುವ ಈ ಕರುಣೆ ಇದೆಯಲ್ಲ, ಎಂಥ ಒಳ್ಳೆಯ ನಿಯಮವನ್ನೂ ಕೊಳೆಸುವುದು ಅದೇ.

"ಬಿಡಬೇಡಿ," ಎಂದಳು ಬುರ್ಗಿ.

"ಏನು?"

"ದಾರಿ ಬಿಡಬೇಡಿ ಅಂದೆ. ಹಾರ್ನ್ ಹೊಡೆದಿದಾನೆ, ಒಂದು ಸುತ್ತು ಬಾಕಿ ಇದೆ. ಮುಗಿಸಿ. ಆಮೇಲೆ ಕಾರು ತಿರುಗಿಸ್ತಾನೆ." ಗಂಡನ ಕಡೆ ತಿರುಗಿದಳು. "ಸೆರಾಫಿನ್ ಬೇಕಾ, ಇಸ್ತ್ರಿ ಸೂಟು ಬೇಕಾ? ಬೇಗ ಹೇಳು."

ಕಸಿಯಾನ್ ಹಾಕಿದ್ದ ಗೇರ್ ತೆಗೆದ. ಹೆಂಗಸರು ಗಂಭೀರವಾಗಿ ಒಂದು ಸುತ್ತು ನಡೆದರು. ಅವನು ಕಾರು ತಿರುಗಿಸಿದ.

ಟೋಲ್ ಕಿಟಕಿಯಲ್ಲಿ ಸೆರಾಫಿನ್ ಕಣ್ಣುಜ್ಜಿಕೊಂಡು ನೋಡಿದ. "ಗುರುಗಳೇ! ನೀವಾ?"

ಕಸಿಯಾನ್ ಗಂಟುಮುಖದಲ್ಲೇ ದುಡ್ಡು ಹಿಡಿದ ಕೈ ಚಾಚಿದ. "ಸುಲಿಗೆ ಕಣೋ ಇದು."

"ಮೇಕೆಯಾಗಿ ಹುಟ್ಬೇಕಿತ್ತು, ಗುರುಗಳೇ," ಎಂದು ಸೆರಾಫಿನ್ ಭಕ್ತಿಯಿಂದ ಹೇಳಿ ರಸೀದಿ ಕೊಟ್ಟ. ಬುರ್ಗಿ ನಕ್ಕ ರಭಸಕ್ಕೆ ಕಾರು ಅಲುಗಿತು.

ದೊಡ್ಡ ಸೇತುವೆಯ ಮೇಲೆ ಹೋಗುವಾಗ ಕಸಿಯಾನ್ ಕೆಳಗೆ ನೋಡಿದ. ಅಲ್ಲಿ ಹಳೆ ರಸ್ತೆಯ ಸಾಲು ಇರುವೆ ಹೆಜ್ಜೆಯಷ್ಟೂ ಸರಿದಿರಲಿಲ್ಲ. "ರಸ್ತೆ ಚೆನ್ನಾಗೇ ಇದೆ," ಎಂದು ಒಲ್ಲದ ಮನಸ್ಸಿನಿಂದ ಒಪ್ಪಿದ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಇಗರ್ಜಿಯ ಬಾಗಿಲಲ್ಲಿ ಇಳಿದರು. ಫಿಲೊಮೇನಾಳ ಮೈದುನ ಆಗಲೇ ಮಗುವಿಗೆ ಕೈಚಾಚಿದ್ದ. ಕಸಿಯಾನ್ ಅವನ ಕೈಗೆ ಬುರ್ಗಿಯ ಗದ್ದದ ಅಚ್ಚೊತ್ತಿದ ಬ್ರೆಡ್ಡು ತುರುಕಿ ಮಗುವನ್ನು ಎತ್ತಿಕೊಂಡ. ಕೂಸು ಅವನ ಜೇಬಿನಿಂದ ಇಣುಕುತ್ತಿದ್ದ ರಸೀದಿಯನ್ನು ಹಿಡಿದುಕೊಂಡು ಬಿಡಲೇ ಇಲ್ಲ.

ಪಾದ್ರಿ ಕೇಳಿದರು: "ಸೈತಾನನನ್ನೂ ಅವನ ಎಲ್ಲ ಕೆಲಸಗಳನ್ನೂ ತೊರೆಯುತ್ತೀರಾ?"

"ತೊರೆಯುತ್ತೇನೆ," ಎಂದ ಕಸಿಯಾನ್.

ಬುರ್ಗಿ ಮುಂದಕ್ಕೆ ಬಾಗಿದಳು. "ಹಳೆ ರಸ್ತೆಯನ್ನೂ ಸೇರಿಸಿ ಕೇಳಿ, ಫಾದರ್."