ಇಳಿಸದ ಶ್ರುತಿ

ನನ್ನ ಗೆಳೆಯ ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುತ್ತಿದ್ದ. ದಿನವಿಡೀ ಪವರ್‌ಲೂಮ್ ಸದ್ದಿನ ಮೇಲೆ ಕೂಗಿ ಮಾತಾಡಿ ಅವನ ಗಂಟಲು ಗಟ್ಟಿಯಾಗಿತ್ತು. ಪೌರಾಣಿಕ ನಾಟಕಗಳಲ್ಲಿ ಅವನಿಗೆ ಯಾವಾಗಲೂ ರಾಜನ ಪಾತ್ರ. ಮೈಕು ಕೆಟ್ಟರೂ ಹಿಂದಿನ ಸಾಲಿಗೆ ಕೇಳುವ ಹಾಗೆ ಹಾಡುತ್ತಿದ್ದ. ನಾನು ತೂಬಗೆರೆಯವನು, ಹಾರ್ಮೋನಿಯಂ ಮೇಷ್ಟ್ರು. ಸುತ್ತಲಿನ ಹಳ್ಳಿಗಳವರಿಗೆ ನಾಟಕ ಕಲಿಸುವುದು ನನ್ನ ಕಸುಬು. ಇಪ್ಪತ್ತೆಂಟು ವರ್ಷ ಅವನು ಹಾಡಿದ, ನಾನು ನುಡಿಸಿದೆ. ಅವನು ಸಾಲು ಮರೆತರೆ ನನ್ನ ಬೆರಳು ಅಲ್ಲಲ್ಲೇ ಸುತ್ತುತ್ತಾ ಕಾಯುತ್ತಿತ್ತು.

ಕಳೆದ ವರ್ಷ ಅವನು ತೀರಿಕೊಂಡ. ಅವನ ಕೊನೆಯ ನಾಟಕ ಮುಗಿದ ಹನ್ನೆರಡನೆಯ ದಿನ, ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದವನು ಹಾಗೇ ವಾಲಿದನಂತೆ.

ಆರು ತಿಂಗಳಾದ ಮೇಲೆ ಅವನ ಮಗ ನಮ್ಮ ಮನೆಗೆ ಬಂದ. ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಅಪ್ಪನ ನೆನಪಿಗೆ ರಂಗಗೀತೆಗಳ ಕಾರ್ಯಕ್ರಮ ಇಟ್ಟುಕೊಂಡಿದ್ದ. ಕೊನೆಯ ನಾಟಕದಲ್ಲಿ ಅಪ್ಪ ಹಾಡಿದ್ದನ್ನು ಮೈಕಿನ ಕಂಬಕ್ಕೆ ಮೊಬೈಲ್ ಕಟ್ಟಿ ರೆಕಾರ್ಡ್ ಮಾಡಿಕೊಂಡಿದ್ದ. ಅದನ್ನು ಸ್ಪೀಕರಿಗೆ ಹಾಕುವುದು, ಜೊತೆಗೆ ವೇದಿಕೆಯ ಮೇಲೆ ನಾನು ನುಡಿಸುವುದು, ಇದು ಅವನ ಆಸೆ.

"ನೀವೇ ಆಗ್ಬೇಕು ಚಿಕ್ಕಪ್ಪ. ಬೇರೆಯವ್ರು ಕೂತ್ರೆ ಅಪ್ಪಂಗೆ ಸರಿಹೋಗಲ್ಲ," ಅಂದ. ಒಪ್ಪಿಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಅವರ ಮನೆಯ ಹಜಾರದಲ್ಲಿ ಪೆಟ್ಟಿಗೆ ತೆರೆದು ಕೂತೆ. ಅವನು ಮೊಬೈಲ್ ಒತ್ತಿದ. ಮೊದಲು ಜನರ ಗಲಾಟೆ, ಸಿಳ್ಳೆ. ಆಮೇಲೆ ತೀರಾ ಹತ್ತಿರದಿಂದ, ಕಿವಿಯ ಪಕ್ಕ ಬಗ್ಗಿ ಹೇಳಿದ ಹಾಗೆ, ಗೆಳೆಯನ ಪಿಸುದನಿ:

"ಲೋ, ಇವತ್ತೊಂದ್ಸಲ ಶ್ರುತಿ ಇಳಿಸ್ಕೊಳೋ. ಉಸ್ರು ಸಾಲ್ತಿಲ್ಲ."

ಅದಕ್ಕೆ ನನ್ನದೇ ದನಿ, ನಗುತ್ತಾ: "ಸುಮ್ನೆ ಹಾಡ್ಲಾ, ನಾಟ್ಕ ಆಡ್ಬೇಡ."

ಹಾಡು ಶುರುವಾಯಿತು. ನನ್ನ ಕೈ ಏಳಲಿಲ್ಲ. ಆ ಮಾತು ನನಗೆ ಮರೆತೇ ಹೋಗಿತ್ತು. ಏರುದನಿಯಲ್ಲಿ ಹಾಡಿಸಿದರೆ ಜನ ಒನ್ಸ್ ಮೋರ್ ಅನ್ನುತ್ತಾರೆ, ಮೇಷ್ಟ್ರಿಗೂ ಹೆಸರು ಬರುತ್ತದೆ, ಅದಕ್ಕೇ ಇಳಿಸಿರಲಿಲ್ಲ. ಎರಡನೆಯ ಚರಣದಲ್ಲಿ ಅವನು ಉಸಿರಿಗೆ ತಡಕಾಡುವುದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ಅಂದು ಮಾರು ದೂರದಲ್ಲಿ ಕೂತಿದ್ದ ನನಗೆ ಹಾರ್ಮೋನಿಯಂ ಸದ್ದಿನಲ್ಲಿ ಅದು ಕೇಳಿರಲಿಲ್ಲ.

"ಈ ಜಾಗಾನೇ ಚೆನ್ನಾಗಿರೋದು ಚಿಕ್ಕಪ್ಪ," ಮಗನ ಮುಖ ಅರಳಿತ್ತು. "ನೀವಿಬ್ರೂ ತಮಾಷೆ ಮಾಡ್ಕೊಳೋದೂ ಬಿದ್ದಿದೆ. ಕಟ್ ಮಾಡ್ಸಲ್ಲ."

ಬೆರಳು ನೋವೆಂದು ಎದ್ದುಬಂದೆ. ಮರುದಿನ ಫೋನ್ ಮಾಡಿ, ನುಡಿಸೋಕೆ ಆಗಲ್ಲ ಅಂದೆ.

"ನಮ್ಮಪ್ಪ ಇದ್ದಾಗ ಬೆರಳು ಚೆನ್ನಾಗೇ ಇತ್ತಲ್ಲ," ಅಂದವನೇ ಇಟ್ಟುಬಿಟ್ಟ.

ಕಾರ್ಯಕ್ರಮದ ದಿನ ನಾನು ಸಾಸಲು ಹಳ್ಳಿಗೆ ನಾಟಕದ ಪಾಠಕ್ಕೆ ಹೋದೆ. ಅಲ್ಲಿ ಒಬ್ಬರು ಹಾಡುತ್ತಿದ್ದರೆ ನನಗೆ ರಾಗ ಕೇಳುತ್ತಿರಲಿಲ್ಲ. ಸಾಲುಗಳ ನಡುವೆ ಅವರು ಉಸಿರೆಳೆದುಕೊಳ್ಳುವುದಷ್ಟೇ ಕೇಳುತ್ತಿತ್ತು. ಇವತ್ತಿಗೂ ಯಾರು ಹಾಡಲು ನಿಂತರೂ ಹಾಗೇ.

ವಾರದ ನಂತರ ಗೆಳೆಯನ ಹೆಂಡತಿ ಬಂದರು. ನಾನು ಅತ್ತಿಗೆ ಅಂತಲೇ ಕರೆಯುವುದು.

"ಬೆರಳಿಗೇನೂ ಆಗಿಲ್ಲ ಅಂತ ಗೊತ್ತು ಮೇಷ್ಟ್ರೇ. ಏನಾಯ್ತು ಹೇಳಿ."

ಹೇಳಿದೆ. ಅವರು ಸೆರಗಿನ ತುದಿ ಹಿಡಿದುಕೊಂಡು ಹೇಳತೊಡಗಿದರು.

"ಅವ್ರಿಗೆ ಉಸ್ರಿನ ತೊಂದ್ರೆ ವರ್ಷದಿಂದಿತ್ತು. ಹಾಡ್ಬೇಡಿ ಅಂದಿದ್ರು ಡಾಕ್ಟ್ರು. ಮೇಷ್ಟ್ರಿಗೆ ಗೊತ್ತಾದ್ರೆ ಪಾತ್ರ ಕೊಡಲ್ಲ, ಬಾಯಿ ಬಿಡ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ರು. ನಾನಾದ್ರೂ ಹೇಳ್ಬೇಕಿತ್ತು."



ಹೊರಡುವಾಗ ಬಾಗಿಲಲ್ಲಿ ನಿಂತು ಅಂದರು, "ಮಗಂಗೆ ಹೇಳ್ಬೇಡಿ. ಅವ್ನು ದಿನಾ ಆ ಹಾಡನ್ನ ಕೇಳ್ತಾನೆ."

ಹೇಳಿಲ್ಲ. ಗೆಳೆಯನಿಗೆ ಬೆನ್ನು ತೋರಿಸಿದವನೆಂದು ಊರಲ್ಲಿ ಮಾತಿದೆ, ಇರಲಿ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಅವನ ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ಅವನ ಬಸ್ಸು ಬರುವವರೆಗೂ ನಾನು ಕಂಬದ ಮರೆಯಲ್ಲೇ ನಿಂತೆ.