ಜಾಲಿಮುಳ್ಳು ಕಟ್ಟಿಸಿದ ಕಾಕಾ

ಹೋದ ವಾರ ಮುಂಬೈ ಪಕ್ಕದ ಠಾಣೆಯಲ್ಲಿ, ಘೋಡಬಂದರ್ ರಸ್ತೆಯ ನಮ್ಮ ವಸತಿ ಸೊಸೈಟಿಯ ಎದುರಿನ ಬಯಲಿಗೆ ನವರಾತ್ರಿಯ ಮಂಟಪಕ್ಕೆಂದು ಬಿದಿರು ತಂದು ಹಾಕಿದರು. ಮಳೆಗೆ ನೆನೆದ ನಾರಿನ ಹಗ್ಗದ ವಾಸನೆ ಬಾಲ್ಕನಿಯವರೆಗೂ ಬಂತು. ಆ ವಾಸನೆಗೆ ಬೇರೆಯವರಿಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಡೊಂಬಿವಲಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಕಾಕಾ. ಅವರನ್ನು ನೆನೆದಾಗಲೆಲ್ಲ ಬಾಯಿ ಕಹಿಯಾಗುತ್ತದೆ…

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕಾಕಾ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದರು. ಬೆಳಗ್ಗೆ ಗೇಟಿನಲ್ಲಿ ನಿಂತು, ತಡವಾಗಿ ಬಂದ ಕೆಲಸಗಾರರನ್ನು ಹಿಂದಕ್ಕೆ ಕಳಿಸುವುದು ಅವರ ಕೆಲಸ. ಅದೇ ಅವರ ಸುಖವೂ ಆಗಿತ್ತು. ಸಂಜೆ ಮನೆಗೆ ಬಂದು, ಇಂದು ಯಾರು ಹೇಗೆ ಕೈಮುಗಿದರು, ಯಾರು ಅತ್ತರು ಎಂದು ಜಗಲಿಯಲ್ಲಿ ಕೂತು ವರ್ಣಿಸುತ್ತಿದ್ದರು. ಅವರ ಹೆಂಡತಿ ಕಾಕು ಒಳಗೆ ಜೋಳದ ಭಾಕ್ರಿ ಬಡಿಯುವ ಸದ್ದು ಆಗ ಜೋರಾಗುತ್ತಿತ್ತು.

ನಮ್ಮ ಕಡೆಯವರೆಲ್ಲ ಸೇರಿ ಡೊಂಬಿವಲಿಯ ನಮ್ಮ ಕಟ್ಟಡದ ಹತ್ತಿರದ ಬಯಲಿನಲ್ಲಿ ದಸರೆ ಮಾಡುತ್ತಿದ್ದೆವು. ಕಲ್ಯಾಣ, ವಿಠ್ಠಲವಾಡಿ, ಠಾಣೆಯಿಂದಲೂ ಕನ್ನಡದ ಸಂಸಾರಗಳು ಬರುತ್ತಿದ್ದವು. ಇಂಥ ಮನುಷ್ಯನಿಗೆ ಬಂದೋಬಸ್ತಿನ ಹೊಣೆ ಸಿಗದೆ ಇನ್ನಾರಿಗೆ ಸಿಗಬೇಕು? ಎದೆಗೆ ರಿಬ್ಬನ್ನಿನ ಬಿಲ್ಲೆ, ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ. ಬಂದವರ ಮುಖವನ್ನು ಅವರು ನೋಡುತ್ತಿರಲಿಲ್ಲ, ಕಾಲನ್ನು ನೋಡುತ್ತಿದ್ದರು. ಬೂಟಿಗೆ ನಮಸ್ಕಾರ, ಚಪ್ಪಲಿಗೆ ಪ್ರಶ್ನೆ, ಬರಿಗಾಲಿಗೆ ಬೆತ್ತ.

ಆ ವರ್ಷ ಬಯಲಿನ ಆಚೆ, ನಾಲೆಯ ದಂಡೆಯಲ್ಲಿ, ಕಲಬುರ್ಗಿ ಕಡೆಯ ಕೂಲಿಗಳು ಗುಡಿಸಲು ಹಾಕಿದ್ದರು. ಹೊಸ ಕಟ್ಟಡಗಳಿಗೆ ಮಣ್ಣು ಹೊರಲು ಬಂದವರು. ನಮ್ಮ ಮಂಟಪದ ಕಂಬಗಳಿಗೆ ಗುಂಡಿ ತೋಡಿದವರೂ ಅವರೇ. ಗುಂಡಿ ತೋಡಿ ಆದ ಮೇಲೆ ಕಾಕಾ ಸುತ್ತಲೂ ತಗಡು ಹೊಡೆಸಿದರು, ನಾಲೆ ಕಡೆಯ ಹಿಂಬಾಗಿಲನ್ನು ತಂತಿಯಿಂದ ಬಿಗಿಸಿದರು, ಹೊರಗಡೆಯಿಂದ ಜಾಲಿಮುಳ್ಳು ಕಟ್ಟಿಸಿದರು. ಆ ಮುಳ್ಳನ್ನೂ ಕಡಿದು ತಂದವರು ಅದೇ ಕೂಲಿಗಳು. ಅದು ತಮ್ಮನ್ನೇ ತಡೆಯಲಿಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನಾಗ ಠಾಣೆಯ ಆಫೀಸೊಂದರಲ್ಲಿ ಟೈಪಿಸ್ಟ್. ಹಬ್ಬದಲ್ಲಿ ಹೆಂಗಸರನ್ನು ಒಳಗೆ ಬಿಡುವ ಕೆಲಸ ನನ್ನದಾಗಿತ್ತು. ಮೊದಲ ಸಂಜೆ, ಕೂಸನ್ನು ಸೊಂಟಕ್ಕೆ ಏರಿಸಿಕೊಂಡ ಒಬ್ಬ ಕೂಲಿ ಹೆಂಗಸು ಬಂದಳು.

“ಯವ್ವಾ, ಕನ್ನಡ ನಾಟಕ ಅದ ಅಂತಲ್ರೀ, ನೋಡ್ಲಾಕ್ ಬಂದೀವ್ರಿ.”

ನಾನು ಬಾಗಿಲಿಗೆ ಅಡ್ಡ ಕಟ್ಟಿದ್ದ ಹಗ್ಗ ಎತ್ತಿದೆ. ಕಾಕಾ ಓಡಿ ಬಂದು ಅದನ್ನು ಕೆಳಕ್ಕೆ ಒತ್ತಿದರು. “ಇಂಥಾವ್ರನ್ನ ಒಳಗ ಬಿಟ್ರ ನಮ್ಮ ಮಂದಿ ಎಲ್ಲಿ ಕೂಡಬೇಕು? ನಡೀ, ನಡೀ!” ಅವಳು ಹೋಗಿ ತಗಡಿನ ಸಂದಿಗೆ ಕಣ್ಣು ಹಚ್ಚಿ ನಿಂತಳು. ಮುಂದಿನ ಸಂಜೆಗಳಲ್ಲಿ ಅಲ್ಲಿ ಸಾಲಾಗಿ ಅವರೆಲ್ಲ ನಿಲ್ಲುತ್ತಿದ್ದರು. ಕಾಕಾ ಒಳಗಿನಿಂದ ಬೆತ್ತದಲ್ಲಿ ತಗಡು ಬಡಿಯುತ್ತ ಸುತ್ತುತ್ತಿದ್ದರು.

ಕೊನೆಯ ದಿನ ಯಾರೋ ದೊಡ್ಡ ಮನುಷ್ಯರು ಅತಿಥಿಯಾಗಿ ಬರುವವರಿದ್ದರು. ಅವರ ಕಾರಿಗೆ ದಾರಿ ಬೇಕೆಂದು ಕಾಕಾ ಮುಂಬಾಗಿಲಿಗೆ ಅಡ್ಡಡ್ಡ ಬಿದಿರು ಕಟ್ಟಿಸಿ, ಜನರ ಓಡಾಟ ನಿಲ್ಲಿಸಿಬಿಟ್ಟರು. ದೀಪ ಹಚ್ಚುವ ಹೊತ್ತು. ರಂಗದ ಮೇಲೆ ವೈರಿನಿಂದ ಕಿಡಿ ಹಾರಿ ಪರದೆ ಹೊತ್ತಿಕೊಂಡಿತು. ಹೊಗೆ ಕಂಡದ್ದೇ ಜನ ಎದ್ದು ಮುಂಬಾಗಿಲಿಗೆ ನುಗ್ಗಿದರು.

“ಸಾಹೇಬ್ರ ಗಾಡಿ ಬರೂದೈತಿ! ಹಿಂದ ಸರೀರಿ!” ಕಾಕಾ ಸೀಟಿ ಊದಿದರು. ಆಮೇಲೆ ಜನರ ಮುಖ ಕಂಡರೋ ಏನೋ… ಬಿದಿರಿನ ಕೆಳಗೆ ನುಸುಳಿ ಹೊರಗೆ ಹೋಗಿಬಿಟ್ಟರು. ಬಿದಿರು ಹಾಗೇ ಇತ್ತು. ನಾನು ಗಂಟು ಬಿಚ್ಚಲು ಹೆಣಗುತ್ತಿದ್ದೆ. ಹಿಂದಿನ ತಳ್ಳಾಟಕ್ಕೆ ನನ್ನ ಎದೆ ಬಿದಿರಿಗೆ ಒತ್ತಿ ಉಸಿರು ಸಿಕ್ಕಿಕೊಂಡಿತು. ಅಷ್ಟರಲ್ಲಿ ಹಿಂದುಗಡೆ ತಗಡು ಹರಿಯುವ ಸದ್ದು ಕೇಳಿತು. ಆ ಕೂಲಿಗಳು ಬರಿಗೈಯಲ್ಲಿ ಮುಳ್ಳು ಎಳೆದು, ಹಾರೆಯಿಂದ ತಗಡು ಮೀಟಿ, ನಮ್ಮವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಎಳೆದುಕೊಳ್ಳುತ್ತಿದ್ದರು. ಹಿಂದೆ ದಾರಿಯಾದ ಮೇಲೆ ಮುಂದಿನ ಒತ್ತಡ ಇಳಿಯಿತು. ಯಾರ ಪ್ರಾಣವೂ ಹೋಗಲಿಲ್ಲ. ನಾನು ಸುತ್ತಿಕೊಂಡು ಹಿಂದೆ ಹೋದಾಗ, ಕಾಕು ನಾಲೆಯ ದಂಡೆಯ ಮೇಲೆ ಕೂತಿದ್ದರು. ಸೀರೆ ಚಿಂದಿಯಾಗಿತ್ತು. ಆ ಕೂಸಿನ ತಾಯಿ ತನ್ನ ಕೌದಿಯನ್ನು ಅವರಿಗೆ ಹೊದಿಸಿ, ಕಾಲಿನ ಮುಳ್ಳು ಕೀಳುತ್ತಿದ್ದಳು. ಅವಳ ಅಂಗೈಯಿಂದ ರಕ್ತ ಸುರಿಯುತ್ತಿತ್ತು.

ಕಾಕಾ ಎಲ್ಲಿದ್ದರು? ರಸ್ತೆಯಾಚೆ, ಆಗಷ್ಟೇ ಬಂದ ಕಾರಿನ ಬಾಗಿಲು ಹಿಡಿದು ನಿಂತಿದ್ದರು.

ಎರಡು ದಿನ ಬಿಟ್ಟು ನಮ್ಮ ಕಟ್ಟಡದ ಅಂಗಳದಲ್ಲೇ ಸಭೆ ಸೇರಿತು. ಕಾಕಾ ನಾಚಿಕೆಯಿಲ್ಲದೆ ಎದ್ದು ನಿಂತು, ಬೇಲಿ ಮುರಿದ ಕೂಲಿಗಳ ಮೇಲೆ ಪೊಲೀಸರಿಗೆ ಕಂಪ್ಲೇಂಟ್ ಕೊಡಬೇಕು ಎಂದರು. “ಇವತ್ತ ಬೇಲಿ ಮುರದಾರ, ನಾಳೆ ಮನಿ ಮುರೀತಾರ.” ಕೆಲವರು ತಲೆಯಾಡಿಸಿದರು ಕೂಡ. ಅಂಗಡಿ ಇಟ್ಟಿದ್ದ ಉಡುಪಿಯವರೊಬ್ಬರು ಮಾತ್ರ, “ಎಂತ ಮಾರಾಯ್ರೆ, ಅವ್ರಿಲ್ದಿದ್ರೆ ನಾವು ಉಂಟಾ?” ಎಂದು ಗೊಣಗಿದರು.

ಆಗ ಕಾಕು ಮನೆಯ ಬಾಗಿಲಿಗೆ ಬಂದರು. ಪಟ್ಟಿ ಕಟ್ಟಿದ ಕಾಲು. ಗಂಡನೆದುರು ಅವರ ದನಿಯನ್ನು ನಾವು ಅದುವರೆಗೆ ಕೇಳಿರಲಿಲ್ಲ.

“ಕಂಪ್ಲೇಂಟಿನ್ಯಾಗ ನನ್ನ ಹೆಸರೂ ಹಾಕಸ್ರಿ. ಆ ಬೇಲಿ ದಾಟಿ ಬಂದಾಕಿ ನಾನೂ ಇದ್ದೀನಿ. ನೀವು ಎಲ್ಲಿಂದ ದಾಟಿ ಹೋದ್ರಿ ಅನ್ನೂದೂ ಹೇಳ್ರಿ ಮತ್ತ.”

ಕಂಪ್ಲೇಂಟ್ ಹೋಗಲಿಲ್ಲ. ಆದರೆ ನಮ್ಮವರ ಮರ್ಯಾದೆ ನೋಡಿ: ಮರುವರ್ಷವೂ ಸೀಟಿ ಕಾಕಾನ ಕೊರಳಲ್ಲೇ ಇತ್ತು. ಹಾರ ಹಾಕಿ ಸನ್ಮಾನವನ್ನೂ ಮಾಡಿದರು. ಕಾಕು ಆ ಬಯಲಿಗೆ ಮತ್ತೆ ಕಾಲಿಡಲಿಲ್ಲ. ಆ ದಸರೆಯಂದು ಅವರು ಬನ್ನಿ ಹಿಡಿದುಕೊಂಡು ನಾಲೆಯ ದಂಡೆಗೆ ಹೋದರು. ಗುಡಿಸಲುಗಳು ಇರಲಿಲ್ಲ, ಕೂಲಿಗಳು ಗುಡ್ಡದಾಚೆ ಹೊಸ ಮುಂಬೈ ಕಟ್ಟಲು ಹೋಗಿದ್ದರಂತೆ…

ಕಾಕಾ ಸತ್ತಾಗ ನಾನು ಹೋಗಿ ಕೂತು ಬಂದೆ, ಕಾಕುವಿನ ಸಲುವಾಗಿ. ಎಲ್ಲರೂ ಎದ್ದು ಹೋದ ಮೇಲೆ ಅವರು ಮೆಲ್ಲಗೆ ಅಂದರು: “ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದಂತ. ಅವರು ಬದುಕಿದ್ದಾಗನ ನಾ ಆಡಿ ಮುಗಿಸೇನಿ, ನೋಡು. ಈಗ ಹಗುರ ಅದೀನಿ.”

ನನಗೆ ಹಾಗೆ ಹಗುರಾಗಲು ಬಂದಿಲ್ಲ. ಈ ಬೇಸಿಗೆಯಲ್ಲಿ ಕಾಕುವೂ ಹೋದರು. ಕಾಕಾನನ್ನು ನನ್ನಷ್ಟೇ ಚೆನ್ನಾಗಿ ಅರಿತು, ನನ್ನ ಜೊತೆ ಕೂತು ಅವರನ್ನು ಬೈಯಬಲ್ಲವರು ಈ ಊರಲ್ಲಿ ಇನ್ನು ಯಾರೂ ಇಲ್ಲ.